ನಲ್ಲಿಗೊಂದು ಸ್ಪ್ಯಾನಿಶ್ ಕ್ರಿಯಾಪದ

ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೇರೆಯವರ ಮನೆಯಾಗಿದ್ದರೆ ಅದೊಂದು ವಾಷರ್‌ನಲ್ಲಿ ಮುಗಿಯುವ ವಿಷಯ. ಆದರೆ ಇದು ಅಲ್ಪವಿರಾಮನ ಮನೆ. ಅಚ್ಚುಕೂಟದಲ್ಲಿ ಕರಡು ತಿದ್ದುವ ಈ ಮಹಾಶಯ ಪ್ರತಿ ಪದದ ಮುಂದೂ ತಡೆದು ನಿಲ್ಲುತ್ತಾನೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಅದು.

ತಾಯಿಯನ್ನು ಕರೆತರಲು ಹೊರಟ ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. “ಮೇಸ್ತ್ರಿ ಬರ್ತಾರೆ. ನಲ್ಲಿ ಒಂದು ಸರಿ ಮಾಡಿಸಿ, ಸಾಕು. ಇರೋದೇ ಒಂದು ಬಚ್ಚಲು. ಸಂಜೆ ಅಮ್ಮ ಬರೋ ಹೊತ್ತಿಗೆ ಏನಾದ್ರೂ ಎಡವಟ್ಟಾಗಿದ್ರೆ ನಾನೂ ಅವರ ಜೊತೆ ವಾಪಸ್ ಹೋಗಿಬಿಡ್ತೀನಿ.”

ದೂರದೇಶದಿಂದ ಬಂದು ಈ ಊರಲ್ಲಿ ಗಾರೆಯಿಂದ ನಲ್ಲಿಯವರೆಗೆ ಎಲ್ಲ ಮಾಡುವ ಆ ಮೇಸ್ತ್ರಿಗೆ ಸ್ಪ್ಯಾನಿಶ್ ಬಿಟ್ಟರೆ ಬೇರೆ ಭಾಷೆ ಬಾರದು. ಅಲ್ಪವಿರಾಮನಿಗೆ ಒಳಗೊಳಗೇ ಹಿಗ್ಗು. ಮೊಬೈಲಿನಲ್ಲಿ ಸ್ಪ್ಯಾನಿಶ್ ಕಲಿತು ಈವರೆಗೆ ಪಾಠದಲ್ಲಿ ಬರುವ ಸೇಬು ತಿನ್ನುವ ಹುಡುಗಿಯ ಬಗ್ಗೆಯಷ್ಟೇ ಮಾತಾಡಿದ್ದವನಿಗೆ ಕೊನೆಗೂ ಜೀವವಿರುವ ಕೇಳುಗನೊಬ್ಬ ಸಿಗಲಿದ್ದ. ಆದರೆ ‘ಸರಿ ಮಾಡು’ ಅನ್ನಲು ಯಾವ ಕ್ರಿಯಾಪದ?

ಕೇಳಬೇಕಾಗಿರಲಿಲ್ಲ, ಬಾಗಿಲಲ್ಲಿ ನಿಂತು ಗಟ್ಟಿಯಾಗಿಯೇ ಕೇಳಿದ. ಮೇಲಿನ ಮನೆಯ ನಿವೃತ್ತ ವಕೀಲರೂ ಎದುರು ಮನೆಯ ಆಂಟಿಯೂ ಕರೆಯದೆಯೇ ಬಂದು ಕೂತರು. ಇಬ್ಬರಿಗೂ ಸ್ಪ್ಯಾನಿಶ್ ಬಾರದು, ಆದ್ದರಿಂದ ಸಂಕೋಚವೂ ಇರಲಿಲ್ಲ.

ಅಲ್ಪವಿರಾಮನ ನಿಘಂಟಿನ ಮೇಲೆ ಬೆರಳಿಟ್ಟು ವಕೀಲರು ಹೇಳಿದರು. “ರೆನೊವಾರ್ ಅನ್ನಿ. ಕೇಳೋಕೆ ಒಂದು ಗತ್ತಿದೆ.”

“ಅದು ಹೊಸದಾಗಿ ಮಾಡೋದು ಸಾರ್.”

“ಹಾಗಾದ್ರೆ ರೆಸ್ತೌರಾರ್?”

“ಅದು ಹಳೇ ಅರಮನೆಗೆ, ಹಳೇ ಚಿತ್ರಕ್ಕೆ ಹೇಳೋದು.”

“ನಿಮ್ಮ ನಲ್ಲಿ ಏನು ನಿನ್ನೆ ಮೊನ್ನೆದಾ?” ಎಂದರು ಆಂಟಿ.

‘ರೆಫೊರ್ಮಾರ್’ ಅಂದರೆ ಮನೆಯನ್ನೇ ಮಾರ್ಪಡಿಸಿಬಿಟ್ಟಾನು ಎಂದು ಅಲ್ಪವಿರಾಮ ಬೆವರಿದ. ‘ಅರ್ರೆಗ್ಲಾರ್’ ನಡೆಯುತ್ತಿತ್ತು, ಆದರೆ ಅದು ಎಲ್ಲದಕ್ಕೂ ಹೊಂದುವ ಸಡಿಲ ಪದ, ಅವನಂಥ ನಿಷ್ಠುರನಿಗೆ ಒಗ್ಗಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವುದು ‘ರೆಪಾರಾರ್’. ನಲ್ಲಿ ಕೆಟ್ಟಿದೆ. ಅಂತೂ ತೀರ್ಪಾಯಿತು.

“ಬರೀ ಬಾಯಲ್ಲಿ ಹೇಳಿದ್ರೆ ಆಯ್ತಾ? ಪಾಪ, ಅವರಿಗೆ ಕೈಯಾಡಿಸೋಕೆ ಜಾಗ ಬೇಡ್ವಾ?” ಎಂದು ಆಂಟಿ ಸೆರಗು ಸಿಕ್ಕಿಸಿದರು. ಬಕೆಟ್ಟು, ಕನ್ನಡಿ, ಪರದೆ, ಸೋಪಿನ ಡಬ್ಬಿ ಎಲ್ಲವೂ ಹೊರಬಂದವು. ಧೂಳು ಹಾರದಿರಲೆಂದು ಬಾಗಿಲಿಗೊಂದು ಹಳೇ ಬೆಡ್‌ಶೀಟು ಕಟ್ಟಿದ್ದೂ ಅವರೇ.

ಮೇಸ್ತ್ರಿ ಬಂದ. ಅಲ್ಪವಿರಾಮ ಎದೆಯುಬ್ಬಿಸಿ ತನ್ನ ವಾಕ್ಯ ಹೇಳಿದ. ಒಂದಕ್ಷರ ತಪ್ಪಿರಲಿಲ್ಲ. ಮೇಸ್ತ್ರಿ “ಸೀ, ಸೀ” ಎಂದು ಹೌದೆನ್ನುವಂತೆ ತಲೆಯಾಡಿಸಿ, ಬೋಳಾಗಿ ನಿಂತ ಬಚ್ಚಲನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋದ. ಈ ಜಯದ ಖುಷಿಗೆ ಮೂವರೂ ಆಂಟಿಯ ಮನೆಗೆ ಕಾಫಿಗೆ ಹೋದರು.

ಕಾಫಿ ಮುಗಿಸಿ ಬಂದಾಗ ಮೂರು ಗೋಡೆಗಳ ಟೈಲ್ಸು ನೆಲದಲ್ಲಿತ್ತು.

“ರೆಪಾರಾರ್! ರೆಪಾರಾರ್!” ಎಂದು ಅಲ್ಪವಿರಾಮ ಅಳುವ ದನಿಯಲ್ಲಿ ಕೂಗಿದ.

ಮೇಸ್ತ್ರಿ ಸುತ್ತಿಗೆ ಇಳಿಸಿ, ಮಗುವಿಗೆ ಹೇಳುವಂತೆ ತನ್ನ ಸ್ಪ್ಯಾನಿಶ್‌ನಲ್ಲೇ ನಿಧಾನವಾಗಿ ಬಿಡಿಸಿ ಹೇಳಿದ. “ಎಲ್ಲರೂ ಹಾಗೇ ಹೇಳ್ತಾರೆ ಸ್ವಾಮಿ, ಸಣ್ಣ ರಿಪೇರಿ ಅಂತ. ಆಮೇಲೆ ಎಲ್ಲಾ ಒಡೆಸ್ತಾರೆ. ಅದಕ್ಕೇ ನಾವು ಮಾತು ಕೇಳೋದಿಲ್ಲ, ಕೋಣೆ ನೋಡ್ತೀವಿ. ಖಾಲಿ ಮಾಡಿದ್ರೆ ಒಡೆಯೋಕೆ, ಸಾಮಾನು ಇದ್ರೆ ರಿಪೇರಿಗೆ. ನಲ್ಲಿಗೋಸ್ಕರ ಕನ್ನಡಿ ಯಾರು ತೆಗೀತಾರೆ?”

ಇಷ್ಟು ದಿನ ಕಲಿತ ವ್ಯಾಕರಣವೆಲ್ಲ ಒಂದು ಬಕೆಟ್ಟಿಗೆ ಸಮವಾಗಲಿಲ್ಲವಲ್ಲ ಎಂದು ಅಲ್ಪವಿರಾಮ ಹಲುಬಿದ. ಓಡಿಹೋಗಿ ಬಕೆಟ್ಟನ್ನು ತಂದು ಟೈಲ್ಸಿನ ಚೂರುಗಳ ನಡುವೆ ಇಟ್ಟ, ಕನ್ನಡಿಯನ್ನು ಉಳಿದ ಗೋಡೆಯ ಮೊಳೆಗೆ ತಗುಲಿಸಿದ. ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು. ಸಂಜೆಯೊಳಗೆ ಚೂರುಗಳನ್ನು ಸಾಗಿಸಿ, ನಲ್ಲಿ ಸರಿಮಾಡಿ, ಸ್ನಾನಕ್ಕಾಗುವಂತೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ಮೂಟೆ ಹೊತ್ತು ಕೆಳಗಿಳಿದ. ಗೋಡೆ ಬೋಳಾದರೇನು, ಮಾನ ಉಳಿಯಿತು ಎಂದು ಅಲ್ಪವಿರಾಮ ಉಸಿರು ಬಿಟ್ಟ.

ಸಂಜೆ ಗೇಟಿನ ಬಳಿ ಕಾರು ನಿಂತಾಗ ಅತ್ತೆಯ ಪೆಟ್ಟಿಗೆ ಇಳಿಸಲು ಓಡಿದವನೂ ಅವನೇ. ನಾಲ್ಕು ಒಳ್ಳೆ ಮಾತು ಜೋಡಿಸಿ ಟೈಲ್ಸಿನ ವಿಷಯವನ್ನು ಹೆಂಡತಿಗೆ ಹೇಳಿಯೂ ಬಿಟ್ಟ. ಅವಳು ಮುಖ ಗಂಟಿಕ್ಕಿದಳು.

“ನಲ್ಲಿ ಸರಿಯಾಯ್ತಾ?”

“ಈಗ ಮಾಡ್ತಾರೆ. ಕೊನೇ ಮೂಟೆ ಹಾಕಿ ಈಗಷ್ಟೇ ಮೇಲೆ ಹೋದ್ರು.”

“ಹೋಗ್ಲಿ ಬಿಡೇ,” ಎಂದರು ಅತ್ತೆ. “ಬೇರೇನೂ ಒಡೆದಿಲ್ವಲ್ಲ.”

ಅಷ್ಟರಲ್ಲಿ ಆಂಟಿಯೂ ವಕೀಲರೂ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದರು. ಆಂಟಿಯ ಮುಖದಲ್ಲಿ ಪರೋಪಕಾರದ ಬೆವರು.

“ಬನ್ನಿ ಅಮ್ಮಾ ಬನ್ನಿ! ನಿಮ್ಮ ಅಳಿಯಂಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ? ಮೂಟೆ ಓಡಾಡಿ ನಿಮ್ಮ ಸೋಫಾ ಎಲ್ಲ ಧೂಳಾಗ್ತಿತ್ತು. ನಾವಿಬ್ರೇ ಸೇರಿ ಹಾಲ್ ಪೂರ್ತಿ ಖಾಲಿ ಮಾಡಿಬಿಟ್ವಿ. ಒಂದು ಕ್ಯಾಲೆಂಡರ್ ಕೂಡ ಬಿಟ್ಟಿಲ್ಲ!”

ಅಲ್ಪವಿರಾಮ ಪೆಟ್ಟಿಗೆಯನ್ನು ಕೈಬಿಟ್ಟ. ಮೇಲಿನಿಂದ ಸುತ್ತಿಗೆಯ ಮೊದಲ ಪೆಟ್ಟು ಕೇಳಿಸಿತು.

ಅತ್ತೆ ಮಗಳ ಮುಖ ನೋಡಿದರು. ಮಗಳು ಕಾರಿನ ಬಾಗಿಲು ತೆರೆದು ಒಳಗೆ ಕೂತಳು.