ಹೆರಿಗೆ ಕೊಠಡಿಯ ಕರಪತ್ರ

ಕಡಿಮೆ ಮಾತಿನಲ್ಲಿ ಹೇಳುವುದು ನನ್ನಿಂದಾಗದ ಕೆಲಸ. ಮಾವನವರಿಗೆ ಕ್ಷೇಮಸಮಾಚಾರ ಬರೆಯಲು ಕೂತರೂ ಕಾರ್ಡು ಸಾಲದೆ, ಅಂಚಿನ ಸುತ್ತ ಬರೆದು, ಕಡೆಗೆ ವಿಳಾಸಕ್ಕೇ ಜಾಗವಿಲ್ಲದಂತೆ ಮಾಡಿಬಿಡುತ್ತೇನೆ. ಇಂಥ ನಾನು ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಅಮಲ್ದಾರರು ಕರೆದು ಹನ್ನೆರಡು ಹಾಳೆಯ ಕಟ್ಟೊಂದನ್ನು ಕೊಟ್ಟರು. ಊರಿನ ಆಸ್ಪತ್ರೆಯಲ್ಲಿ ಹೊಸದಾಗಿ ತೆರೆದಿದ್ದ ಹೆರಿಗೆ ಕೊಠಡಿಯ ವಿವರಣೆ ಅದು. “ಹಳ್ಳಿಯವರು ಒಬ್ಬರೂ ಬರುತ್ತಿಲ್ಲ. ಇದನ್ನು ಅಂಗೈಯಗಲದ ಕರಪತ್ರ ಮಾಡಿ, ನೀವೇ ಹೋಗಿ ಓದಿ ಹೇಳಿಬನ್ನಿ” ಎಂದರು.

ಮೂರು ದಿನ ಒದ್ದಾಡಿದೆ. ಊಟದ ವಿಷಯ, ದಾದಿಯರ ವಿಷಯ, ಜೊತೆಯಲ್ಲಿರುವವರ ವಿಷಯ ಎಲ್ಲ ಚಿಲ್ಲರೆಯೆಂದು ಹೊಡೆದುಹಾಕಿದೆ. “ಘನ ಸರ್ಕಾರದವರು ಪ್ರಜಾವಾತ್ಸಲ್ಯದಿಂದ ಗರ್ಭಿಣೀ ಸ್ತ್ರೀಯರ ಪ್ರಸೂತಿ ಸೌಕರ್ಯಾರ್ಥವಾಗಿ” ಎಂಬ ಮೊದಲ ಸಾಲನ್ನು ಮಾತ್ರ ಮುಟ್ಟಲು ಮನಸ್ಸು ಬರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಭೇಷ್ ಎಂದರು.

ಐ.ಡಿ.ಹಳ್ಳಿಯಲ್ಲಿ ಒಂದು ಜಗುಲಿಯ ಮೇಲೆ ಕೂತು ಅದನ್ನು ರಾಗವಾಗಿ ಓದಿದೆ. ಕೇಳಲು ಬಂದವರಲ್ಲಿ ಪುಟ್ಟಮ್ಮನೆಂಬ ಹೆಂಗಸು ತುಂಬು ಬಸುರಿ ಸೊಸೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಓದಿ ಮುಗಿಸಿದ ಮೇಲೆ ಆಕೆ, “ಇದೇನ್ ಸ್ವಾಮಿ, ಕಂದಾಯದ್ದಾ?” ಎಂದಳು.

“ಅಲ್ಲಮ್ಮ, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದರದು.”

“ಹೆರಿಗೆ ಅಂತ ಒಂದ್ ಕಿತನೂ ಬರ್ನಿಲ್ವಲ್ಲ.”

ನಾನು ಕಾಗದ ನೋಡಿಕೊಂಡೆ. ನಿಜವಾಗಿಯೂ ಇರಲಿಲ್ಲ. ಪುಟ್ಟಮ್ಮ ದನಿ ತಗ್ಗಿಸಿ, “ಹೋದ್ಸಲ ಇವಳ ಕೂಸು ಉಳೀನಿಲ್ಲ ಸ್ವಾಮಿ. ಅಲ್ಲಿಗೆ ಕರ್ಕಂಡ್ ಬಂದ್ರೆ ಒಬ್ಬಳ್ನೇ ಬುಟ್ಟು ಬರ್ಬೇಕಾ? ನೋಡ್ಕೊಳೋರು ಹೆಂಗಸ್ರಾ, ಗಂಡಸ್ರಾ? ಉಣ್ಣಾಕೆ ಹೆಂಗೆ?” ಎಂದು ಕೇಳಿದಳು. ಸೊಸೆ ತಲೆಯೆತ್ತಲಿಲ್ಲ. ಸೆರಗಿನ ತುದಿಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದಳು.

ಪುಟ್ಟಮ್ಮ ಕೇಳಿದ್ದಕ್ಕೆಲ್ಲ ಉತ್ತರ ನಾನು ಹೊಡೆದುಹಾಕಿದ ಸಾಲುಗಳಲ್ಲೇ ಇತ್ತು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಲ್ಲೇ ಕಾಗದ ಮಗುಚಿ ಬರೆದೆ: “ಹೆರಿಗೆಗೆ ಆಸ್ಪತ್ರೆಗೆ ಬನ್ನಿ. ನೋಡಿಕೊಳ್ಳುವವರು ಹೆಂಗಸರೇ. ಅತ್ತೆಯೋ ತಾಯಿಯೋ ಜೊತೆಗಿರಬಹುದು. ಊಟ ಅಲ್ಲೇ ಕೊಡುತ್ತಾರೆ.” ಓದಿದೆ.

“ಇಂಗೆ ಹೇಳಿದ್ರೆ ಬರ್ತೀವಿ ಕಣಪ್ಪ” ಎಂದಳು ಪುಟ್ಟಮ್ಮ. ಸೊಸೆ ಆಗ ತಲೆಯೆತ್ತಿದಳು.

ಅಮಲ್ದಾರರು, “ಇದೇನ್ರೀ, ಅಡಿಗೆಮನೆಯ ಮಾತಿದ್ದ ಹಾಗಿದೆ” ಎಂದು ಹುಬ್ಬು ಗಂಟಿಕ್ಕಿದರೂ ಅಚ್ಚು ಹಾಕಿಸಿದರು. ಮುಂದಿನ ತಿಂಗಳು ಪುಟ್ಟಮ್ಮ ಗಾಡಿ ಕಟ್ಟಿಸಿಕೊಂಡು ಸೊಸೆಯನ್ನು ಆಸ್ಪತ್ರೆಗೆ ಕರೆತಂದಳು. ಹೆಣ್ಣು ಕೂಸನ್ನು ಮಡಿಲಲ್ಲಿಟ್ಟುಕೊಂಡು ಸೊಸೆಯೊಡನೆ ಊರಿಗೆ ಮರಳಿದಳು. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು.

ಮರುವರ್ಷ ನನ್ನ ಹೆಂಡತಿಯನ್ನೂ ಅಲ್ಲಿಗೇ ಸೇರಿಸಿದೆ. ಅವಳ ಹಿಂದೆಯೇ ಒಳಕ್ಕೆ ಹೊರಟವನನ್ನು ದಾದಿ ಬಾಗಿಲಲ್ಲೇ ತಡೆದಳು. ಗಂಡಸರು ಹೊರಗಿರಬೇಕಂತೆ.

“ಕರಪತ್ರದಲ್ಲಿ ಹಾಗೆ ಬರೆದಿಲ್ಲವಲ್ಲಮ್ಮ” ಎಂದು ವಾದಕ್ಕಿಳಿದೆ.

“ಬರ್ದೋರ್ಗೆ ಅಷ್ಟೂ ತಿಳೀನಿಲ್ಲ ಅಂತ ಕಾಣ್ತದೆ ಸ್ವಾಮಿ. ಅಲ್ಲಿ ಕೂತ್ಕಳಿ.”

ಇದ್ದರೂ ಇರಬಹುದೆಂದು ಒಪ್ಪಿ, ಹೋಗಿ ಕೂತೆ.