ನರಸೀಪುರದ ಬಸ್ಸೂ ನನ್ನ ಉಸಿರೂ

ಪ್ರಾರ್ಥನೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ವಿಷಯದಲ್ಲಿ ಬಹಳ ಕಾಲ ಇದು ಉಲ್ಟಾ ಆಗಿತ್ತು. ನನ್ನ ಪ್ರಾರ್ಥನೆ ಇರುತ್ತಿದ್ದುದೇ ಹೀಗೆ: ‘ಕರ್ತನೇ, ಬಸ್ಸಿನ ಬ್ರೇಕು ಫೇಲಾಗದಿರಲಿ, ಟೈರು ಸಿಡಿಯದಿರಲಿ, ಡ್ರೈವರಿಗೆ ತೂಕಡಿಕೆ ಬಾರದಿರಲಿ, ಎದುರಿಗೆ ಕಬ್ಬಿನ ಲಾರಿ ಬಾರದಿರಲಿ, ಬಂದರೂ ಅದರ ಹಗ್ಗ ಬಿಚ್ಚಿಕೊಳ್ಳದಿರಲಿ.’ ಕಬ್ಬಿನ ಲಾರಿಯ ಹಗ್ಗ ಬಿಚ್ಚಿಕೊಳ್ಳಬಹುದು ಎಂಬುದು ಮೊಣಕಾಲೂರುವವರೆಗೆ ನನಗೆ ಹೊಳೆದೇ ಇರುತ್ತಿರಲಿಲ್ಲ. ‘ಆಮೆನ್’ ಎನ್ನುವ ಹೊತ್ತಿಗೆ ಅಂಗೈ ಬೆವೆತು, ಮೊದಲಿಲ್ಲದ ಭಯಗಳೂ ಬಂದು ಸೇರಿಕೊಂಡಿರುತ್ತಿದ್ದವು. ನಮ್ಮ ಯಜಮಾನರು ಸ್ಯಾಮ್ಯುಯಲ್, ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಫಿಟರ್. ಪಕ್ಕದಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡು, ‘ಗ್ರೇಸಿ, ಇಷ್ಟು ಐಡಿಯಾ ಸೈತಾನನಿಗೂ ಬಂದಿರಲ್ಲ ಕಣೇ. ನೀನೇ ಯಾಕೆ ಹೇಳ್ಕೊಡ್ತೀಯ?’ ಎನ್ನುತ್ತಿದ್ದರು.

ಇದಕ್ಕೆಲ್ಲ ಕಾರಣ ನನಗೆ ಸಿಕ್ಕ ಬಡ್ತಿ. ನಂಜನಗೂಡಿನಲ್ಲೇ, ಮನೆಯಿಂದ ನಡೆದುಹೋಗುವಷ್ಟು ದೂರದ ಶಾಲೆಯಲ್ಲಿ ಹಾಯಾಗಿ ಪಾಠ ಮಾಡಿಕೊಂಡಿದ್ದವಳನ್ನು, ತೊಂಬತ್ತರ ದಶಕದ ಕೊನೆಯಲ್ಲಿ ಮುಖ್ಯೋಪಾಧ್ಯಾಯಿನಿ ಮಾಡಿ ಟಿ. ನರಸೀಪುರಕ್ಕೆ ಹಾಕಿದರು. ಸೇರಿಕೊಳ್ಳಲೆಂದು ಹೊಸ ಸೀರೆಯುಟ್ಟು ಬಸ್ಸು ಹತ್ತಿದೆ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳು ಜುಮ್ಮೆಂದವು. ಉಸಿರು ಗಂಟಲಲ್ಲೇ ನಿಂತಿತು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡು, ಯಾವುದೋ ಗದ್ದೆಯ ಬಳಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟೆ. ಕಂಡಕ್ಟರು ಹಿಂದಿನಿಂದ, ‘ಮೇಡಂ, ಇಲ್ಲಿ ಯಾವ ಇಸ್ಕೂಲೂ ಇಲ್ಲ!’ ಎಂದು ಕೂಗುತ್ತಲೇ ಇದ್ದ.

ಡಾಕ್ಟರು ಇಸಿಜಿ ತೆಗೆಸಿ ನೋಡಿ, ‘ಹಾರ್ಟು ಗಟ್ಟಿಮುಟ್ಟಾಗಿದೆ ಮೇಡಂ. ಇದು ಆತಂಕ. ಹೆದರಿಕೆ ಶುರುವಾದಾಗ ನಿಧಾನಕ್ಕೆ ಉಸಿರಾಡಿ’ ಎಂದರು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯೇ ಆಯಿತು. ಗಂಡನಿಗೆ ರಜಾ ಹಾಕಿಸಿ ಕರೆದುಕೊಂಡು ಬಂದಿದ್ದೆ. ಅವರ ಮುಂದೆ ತೋರಿಸಿಕೊಳ್ಳಲು ಒಂದು ಸಣ್ಣ ವಾಲ್ವಿನ ತೊಂದರೆಯಾದರೂ ಇರಬಾರದೆ? ದಾರಿಯಲ್ಲಿ ಸ್ಯಾಮ್ಯುಯಲ್, ‘ಬಡ್ತಿ ಬೇಡ ಅಂತ ಬರ್ಕೊಟ್ಬಿಡು. ಸೋಮವಾರದೊಳಗೆ ಸೇರ್ಕೊಳ್ಳದಿದ್ರೆ ಅವ್ರೇ ಬೇರೆಯವ್ರಿಗೆ ಕೊಡ್ತಾರಂತೆ’ ಎಂದರು. ಅಷ್ಟು ಸಾಕಾಯಿತು, ನನಗೆ ಹಟ ಬಂತು. ‘ಬಸ್ಸಿಗೆ ಹೆದರಿ ಹೆಡ್ಮಿಸ್ಟ್ರೆಸ್ ಕುರ್ಚಿ ಬಿಡೋಳಲ್ಲ ನಾನು. ಸತ್ರೆ ಆ ಕುರ್ಚೀಲೇ ಸಾಯ್ತೀನಿ’ ಎಂದೆ. ‘ಸಾಯೋದಕ್ಕಾದ್ರೂ ಅಲ್ಲೀಗಂಟ ಹೋಗ್ಬೇಕಲ್ಲ’ ಎಂದರು ಅವರು.

ನಮ್ಮ ಸಭೆಯ ಪಾಸ್ಟರು ಆಗ ಹೊಸಬರು, ನನ್ನ ತಮ್ಮನ ವಯಸ್ಸಿನವರು. ಭಾನುವಾರದ ಆರಾಧನೆ ಮುಗಿದ ಮೇಲೆ ಅವರ ಬಳಿ ಹೋಗಿ ನನ್ನ ಗೋಳು ಹೇಳಿಕೊಂಡೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತಾರೆ ಎಂದುಕೊಂಡರೆ, ಅವರು ಬಾಗಿಲ ಕಡೆ ಒಮ್ಮೆ ನೋಡಿ ಗುಟ್ಟಿನ ದನಿಯಲ್ಲಿ, ‘ಟೀಚರ್, ನಾನೂ ಪ್ರತಿ ಭಾನುವಾರ ನಡುಗ್ತೀನಿ’ ಎಂದರು.

‘ನೀವಾ! ಯಾಕೆ ಪಾಸ್ಟರೇ?’

‘ನೀವು ಮುಂದಿನ ಬೆಂಚಲ್ಲಿ ಕೂತಿರ್ತೀರಲ್ಲ. ನಾನೊಂದು ತಪ್ಪು ಹೇಳಿದ್ರೆ ಸಾಕು, ನಿಮ್ಮ ಹುಬ್ಬು ಮೇಲಕ್ಕೋಗುತ್ತೆ. ನನಗೆ ಮುಂದಿನ ಮಾತೇ ಮರೆತೋಗುತ್ತೆ.’

ನನ್ನನ್ನು ಕಂಡು ಹೆದರುವವರೂ ಇದ್ದಾರೆಂದು ತಿಳಿದು ನನಗೆ ಅರ್ಧ ಜೀವ ಬಂತು. ಹೆದರಿಕೆಗೆ ಅವರು ಮಾಡಿಕೊಂಡಿದ್ದ ಉಪಾಯವನ್ನು ನನಗೂ ಹೇಳಿಕೊಟ್ಟರು. ಉಸಿರು ಒಳಗೆ ತೆಗೆದುಕೊಳ್ಳುವಾಗ ಮನಸ್ಸಿನಲ್ಲೇ ‘ಕರ್ತನೇ, ನೀನಿದ್ದೀ’ ಎನ್ನಬೇಕು. ಮೆಲ್ಲಗೆ ಹೊರಗೆ ಬಿಡುವಾಗ ‘ನನಗೇನು ಭಯ’ ಎನ್ನಬೇಕು. ಅಷ್ಟೇ. ‘ಬ್ರೇಕು, ಟೈರು, ಲಾರಿ ಅಂತ ವಿವರ ಬೇಡ ಟೀಚರ್. ದೇವರಿಗೆ ಅದೆಲ್ಲ ಗೊತ್ತಿರುತ್ತೆ’ ಎಂದರು.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಆ ಸಂಜೆ ಅಡುಗೆಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ‘ಕರ್ತನೇ, ನೀನಿದ್ದೀ’ ಎನ್ನುವಾಗ ಒಲೆಯ ಮೇಲೆ ಹಾಲಿದೆ ಎಂಬುದು ನೆನಪಾಗುತ್ತಿತ್ತು. ಹಾಲಿಳಿಸಿ ಬಂದು ಮತ್ತೆ ಶುರು ಮಾಡಿದರೆ ‘ನನಗೇನು ಭಯ’ ಎನ್ನುವಷ್ಟರಲ್ಲಿ ಹಿತ್ತಲ ಬಾಗಿಲು ಹಾಕಿದ್ದೀನೋ ಇಲ್ಲವೋ ಎಂಬ ಭಯ. ಅದೂ ಅಲ್ಲದೆ ಉಸಿರು ಬಿಡುವಾಗ ನನಗೆ ತಿಳಿಯದಂತೆ ‘ಉಸ್ಸ್’ ಎಂದು ಸದ್ದಾಗುತ್ತಿತ್ತು. ಸ್ಯಾಮ್ಯುಯಲ್ ಹಜಾರದಿಂದ, ‘ಕುಕ್ಕರ್ ಇಳ್ಸೇ’ ಎಂದು ಎರಡು ಸಲ ಕೂಗಿದರು. ಆದರೂ ನಾನು ಬಿಡಲಿಲ್ಲ. ಬಟ್ಟೆ ಒಣಹಾಕುವಾಗ, ಜಡೆ ಹೆಣೆಯುವಾಗ, ಅಕ್ಕಿ ಆರಿಸುವಾಗ ‘ಉಸ್ಸ್’ ಎನ್ನುತ್ತಲೇ ಓಡಾಡಿದೆ.

ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು ಹತ್ತಿದೆ. ‘ನಾನೂ ಬರ್ಲಾ?’ ಎಂದ ಗಂಡನನ್ನು ಬೇಡವೆಂದು ಫ್ಯಾಕ್ಟರಿಗೆ ಕಳಿಸಿದ್ದೆ. ಬಸ್ಸು ಊರು ಬಿಟ್ಟದ್ದೇ ತಡ, ಎದೆ ತನ್ನ ಹಳೆಯ ರಾಗ ತೆಗೆಯಿತು. ಕಣ್ಣು ಮುಚ್ಚಿ, ಸೀಟಿನ ಕಂಬಿ ಹಿಡಿದು ಉಸಿರಾಡತೊಡಗಿದೆ. ತುಟಿ ಅಲುಗುತ್ತಿತ್ತು, ಬೆವರಿಳಿಯುತ್ತಿತ್ತು, ‘ಉಸ್ಸ್’ ಜೋರಾಗಿಯೇ ಬರುತ್ತಿತ್ತು ಎಂದು ಕಾಣುತ್ತದೆ. ಏಕೆಂದರೆ ಕಣ್ಣು ಬಿಟ್ಟು ನೋಡಿದರೆ ಅರ್ಧ ಬಸ್ಸು ನನ್ನ ಸುತ್ತ ನಿಂತಿತ್ತು. ಯಾರೋ ನನ್ನ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿಸಿದ್ದರು. ಇನ್ನೊಬ್ಬರು ಮೂಗಿನ ಹತ್ತಿರ ಈರುಳ್ಳಿ ಹಿಡಿದಿದ್ದರು.

‘ಗ್ಯಾಸು ಕಣ್ರೀ, ಒಂದು ಸೋಡಾ ಕುಡ್ಸುದ್ರೆ ಸರೋಯ್ತದೆ’ ಎಂದ ರುಮಾಲು ಸುತ್ತಿದ್ದ ಯಜಮಾನನೊಬ್ಬ.

‘ಗ್ಯಾಸಲ್ಲ ಕಣಣ್ಣೋ, ಪಿತ್ತ’ ಎಂದಳೊಬ್ಬಳು.

ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿಯೇಬಿಟ್ಟ. ‘ಮೇಡಂ, ಇಳ್ದುಬಿಡಿ, ಎದ್ರುಗಡೆ ಬಸ್ಸಿಗೆ ಹತ್ತುಸ್ತೀನಿ. ವಾಪಸ್ಸು ಮನೆಗೋಗಿ ಮಲಿಕ್ಕಳಿ.’

ನನ್ನ ಕಾಲೂ ಅದನ್ನೇ ಬಯಸುತ್ತಿತ್ತು. ಇಳಿದರೆ ಎರಡು ನಿಮಿಷದಲ್ಲಿ ಎದೆ ಶಾಂತವಾಗುತ್ತದೆ, ಗೊತ್ತು. ಆದರೆ ಇವತ್ತು ಇಳಿದರೆ ಇನ್ನು ಯಾವತ್ತೂ ಹತ್ತುವುದಿಲ್ಲ ಎಂಬುದೂ ಗೊತ್ತಿತ್ತು. ಶಾಲೆಯಲ್ಲಿ ಗಲಾಟೆ ಮಾಡುವ ತರಗತಿಯನ್ನು ಸುಮ್ಮನಾಗಿಸುವ ದನಿ ಎಲ್ಲಿಂದಲೋ ಬಂತು. ‘ನಾನು ಇಳಿಯೋದಿಲ್ಲ. ನಾನು ಪ್ರಾರ್ಥನೆ ಮಾಡ್ತಾ ಇದ್ದೀನಿ. ಎಲ್ಲರೂ ಹೋಗಿ ಕೂತ್ಕೊಳ್ಳಿ. ಬಸ್ ಬಿಡಪ್ಪಾ!’

ಎಲ್ಲರೂ ಕೂತರು. ರುಮಾಲಿನ ಯಜಮಾನ ಕೈಕಟ್ಟಿಕೊಂಡು ಕೂತ.

ಪಕ್ಕದ ಸೀಟಿನ ಹೆಂಗಸು ಮಾತ್ರ ನನ್ನ ತೋಳು ಬಿಡಲಿಲ್ಲ. ನನಗಿಂತ ಹಿರಿಯಳು. ಅವಳ ಕೈ ನನ್ನ ಕೈಗಿಂತ ತಣ್ಣಗಿತ್ತು. ‘ಅವ್ವಾ, ಅದೇನ್ ಮಾಡ್ತಿದ್ದೋ ನಂಗೂ ಯೋಳ್ಕೊಡವ್ವಾ’ ಎಂದಳು. ‘ನಮ್ಮೂರು ಎಡತಲೆ. ಮಗಳ್ನ ಎಮ್ಮಿಗೆಗೆ ಕೊಟ್ಟೀವಿ.’ ಆ ಗಾಬರಿಯಲ್ಲಿ ನನಗೆ ‘ಎಮ್ಮೆಗೆ’ ಎಂದು ಕೇಳಿಸಿ, ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದೆ. ಅವಳು ಹೇಳಿದ್ದು ಹೆಮ್ಮಿಗೆ ಎಂಬ ಊರೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ‘ನರ್ಸೀಪುರದ ಆಸ್ಪತ್ರೇಲಿ ನೋವು ತಿಂತಾವ್ಳಂತೆ. ಮೊದಲ್ನೇದು ಒಟ್ಟೇಲೇ ಓಯ್ತು. ನನ್ ಎದೆ ನಿಲ್ತಾನೇ ಇಲ್ಲ ಕಣವ್ವಾ.’

ನಾನು ಹೇಳಿಕೊಟ್ಟೆ. ಅವಳು ಉಸಿರು ಎಳೆದುಕೊಂಡು, ‘ಕರ್ತ ಅಂದ್ರೆ ನಿಮ್ ದ್ಯಾವ್ರಾ? ನಾನು ನಮ್ಮ ನಂಜುಂಡಪ್ಪನ್ನ ಕರೀಲಾ?’ ಎಂದು ಕೇಳಿದಳು. ಪಾಸ್ಟರನ್ನು ಕೇಳಲು ಅಲ್ಲಿ ಫೋನಿರಲಿಲ್ಲ. ‘ಕರೀರಮ್ಮ, ಉಸಿರು ಮಾತ್ರ ನಿಧಾನಕ್ಕೆ ಬಿಡಿ’ ಎಂದೆ. ಅವಳು ಅವಸರ ಮಾಡಿದಾಗಲೆಲ್ಲ ‘ಮೆಲ್ಲಗೆ, ಮೆಲ್ಲಗೆ’ ಎಂದು ಬೆನ್ನು ಸವರಿದೆ. ಇಬ್ಬರೂ ಕೈ ಹಿಡಿದುಕೊಂಡು ‘ಉಸ್ಸ್’ ಎನ್ನುತ್ತ ಕೂತೆವು. ಬಸ್‌ಸ್ಟ್ಯಾಂಡ್ ಬಂದಾಗಲೇ ನನ್ನ ಎದೆ ಎಷ್ಟೋ ಹೊತ್ತಿನಿಂದ ಸುಮ್ಮನಿದೆ ಎಂಬುದು ಗಮನಕ್ಕೆ ಬಂತು. ಅವಳು ಆಸ್ಪತ್ರೆಯ ಕಡೆ ಓಡಿದಳು. ನಾನು ಶಾಲೆಗೆ ಹೋಗಿ ಸೇರಿಕೊಂಡೆ. ಮಾರನೆಯ ವಾರ ಅವಳು ಅದೇ ಬಸ್ಸಿನಲ್ಲಿ ಸಿಕ್ಕಿ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿ ನನ್ನ ಕೈಗೆ ಕಲ್ಲುಸಕ್ಕರೆ ಹಾಕಿದಳು.

ಆತಂಕ ಒಂದೇ ದಿನಕ್ಕೆ ಬಿಟ್ಟುಹೋಯಿತು ಎಂದು ನಾನು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದಿಲ್ಲ. ತಿಂಗಳುಗಟ್ಟಲೆ ಅದು ದಿನಾ ನನ್ನ ಜೊತೆಯೇ ಬಸ್ಸು ಹತ್ತುತ್ತಿತ್ತು. ನಾನೂ ದಿನಾ ಹತ್ತಿದೆ. ಉಸಿರು, ಪ್ರಾರ್ಥನೆ ಎರಡೂ ನಿಧಾನವಾಗಿ ಕೈಗೆ ಹತ್ತಿದವು. ಕೊನೆಗೊಂದು ದಿನ ಕರ್ತನನ್ನು ಕರೆಯುತ್ತ ಮನಸ್ಸು ಎಷ್ಟು ಶಾಂತವಾಯಿತೆಂದರೆ, ಕಂಡಕ್ಟರು ಭುಜ ತಟ್ಟಿ, ‘ಮೇಡಂ, ಕೊಳ್ಳೇಗಾಲಕ್ಕಾ?’ ಎಂದಾಗಲೇ ಎಚ್ಚರವಾದದ್ದು. ಬಸ್ಸು ನರಸೀಪುರ ದಾಟಿ ಮೂಗೂರಿನಲ್ಲಿತ್ತು. ಇನ್ನೊಂದು ಬಸ್ಸು ಹಿಡಿದು ಶಾಲೆ ಮುಟ್ಟುವ ಹೊತ್ತಿಗೆ ಬೆಳಗಿನ ಪ್ರಾರ್ಥನೆ ಮುಗಿದು, ತಡವಾಗಿ ಬಂದ ಮಕ್ಕಳು ಗೇಟಿನ ಬಳಿ ಸಾಲಾಗಿ ನಿಂತಿದ್ದರು. ಹಾಗೆ ನಿಲ್ಲಿಸಬೇಕೆಂದು ಆಜ್ಞೆ ಮಾಡಿದ್ದವಳು ನಾನೇ. ಕೊನೆಯಲ್ಲಿ ನಿಂತಿದ್ದ ಹುಡುಗಿ ಪಾಪ, ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟಳು.