ಅತ್ತೆಯ ಮೂರು ಸೆಂಟಿಮೀಟರು

ನಮ್ಮ ಮನೆಯಲ್ಲಿ ಸೀದಾ ಶುರುವಾಗಿ ಸೀದಾ ಮುಗಿದ ಕೆಲಸವನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಸಂತೆಗೆ ಹೋದರೂ ಒಂದು ಕಥೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದರೂ ಒಂದು ಕಥೆ. ಹಾಗಿರುವಾಗ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಬೆಂಗಳೂರಿನಾಚೆಯ ದೊಡ್ಡ ಆಟದ ಪಾರ್ಕಿಗೆ ಹೋಗಿ, ಅಲ್ಲೇ ರೆಸಾರ್ಟಿನಲ್ಲಿ ಒಂದು ರಾತ್ರಿ ಉಳಿದು ಬರುವುದು ಸುಮ್ಮನೆ ಆಗುವ ಮಾತೇ? ಬೆಂಗಳೂರಿನವರು ಬಿಸಿಲೆ ಘಾಟಿ ನೋಡಲು ಶನಿವಾರ ಬಂತೆಂದರೆ ನಮ್ಮ ಹೊಂಗಡಹಳ್ಳದ ರಸ್ತೆ ತುಂಬ ಬರುತ್ತಾರೆ. ಅವರು ಇಲ್ಲಿಗೆ ಬಂದಷ್ಟು ಸುಲಭವಾಗಿ ನಾವು ಅಲ್ಲಿಗೆ ಹೋಗಲಾರೆವು.

ನಾನು ಊರಿನ ಅಂಗನವಾಡಿ ಟೀಚರ್. ಮನೆಯಲ್ಲಿ ಯಜಮಾನರು, ಎಂಟನೇ ಕ್ಲಾಸಿನ ಮಗಳು, ಅತ್ತೆ, ನಾನು. ನಾಲ್ಕು ಎಕರೆ ಕಾಫಿ, ಎರಡು ಹಸು. ಇಷ್ಟೇ ನಮ್ಮ ಸಂಸಾರ.

ಕಂಬ ಹತ್ತಿದ ದೊಡ್ಡತ್ತೆ

ಪಕ್ಕದ ಮನೆಯಲ್ಲಿರುವವರು ಅತ್ತೆಯ ವಾರಗಿತ್ತಿ, ಅತ್ತೆಗಿಂತ ನಾಲ್ಕು ವರ್ಷ ದೊಡ್ಡವರು, ನನಗೆ ದೊಡ್ಡತ್ತೆ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದ ದಿನದಿಂದ ಪೈಪೋಟಿ. ಇವರು ಕುಕ್ಕರ್ ತಂದರೆ ಅವರು ಮಿಕ್ಸಿ ತರುತ್ತಾರೆ. ಅವರ ಹಸು ಹೆಣ್ಣುಗರು ಹಾಕಿ ನಮ್ಮದು ಗಂಡುಗರು ಹಾಕಿದಾಗ ನಮ್ಮ ಅತ್ತೆ ಎರಡು ದಿನ ಹಸುವಿನ ಜೊತೆ ಮಾತು ಬಿಟ್ಟಿದ್ದರು.

ಹೋದ ವರ್ಷ ದೊಡ್ಡತ್ತೆ ಮಹಿಳಾ ಸಂಘದ ಟೂರಿನಲ್ಲಿ ಆ ಪಾರ್ಕಿಗೆ ಹೋಗಿ ಬಂದರು. ಉಳಿದವರೆಲ್ಲ ನೀರಿನಲ್ಲಿ ಆಡುತ್ತಿದ್ದಾಗ ಇವರೊಬ್ಬರೇ ಹೋಗಿ ಒಂದು ಎತ್ತರದ ಕಂಬದ ಆಟ ಆಡಿದರಂತೆ. ಕುರ್ಚಿಯಲ್ಲಿ ಕೂರಿಸಿ, ಬೆಲ್ಟು ಬಿಗಿದು, ಕಂಬದ ತುದಿಯವರೆಗೂ ಎಳೆದುಕೊಂಡು ಹೋಗಿ ಅಲ್ಲಿಂದ ಧಡ್ ಅಂತ ಕೆಳಗೆ ಬಿಡುವುದು. ಆವತ್ತಿನಿಂದ ಅವರ ಮಾತು ಎಲ್ಲಿ ಹೊರಟರೂ ಕಂಬಕ್ಕೇ ಹೋಗಿ ನಿಲ್ಲುತ್ತದೆ. ಗುಡುಗಿದರೆ, "ಇದೇನ್ ಮಹಾ, ಆ ಕಂಬದ ಮೇಲಿನ ಸದ್ದು ಕೇಳ್ಬೇಕಿತ್ತು" ಅನ್ನುತ್ತಾರೆ. ಬಸ್ಸು ಹಳ್ಳಕ್ಕಿಳಿದರೆ, "ಕಂಬ ಕಂಡೋಳಿಗೆ ಇದೇನೂ ಅಲ್ಲ" ಅನ್ನುತ್ತಾರೆ.

ಊರಲ್ಲಿ ಒಬ್ಬ ಹಿರಿಯರು ತೀರಿಕೊಂಡಾಗ, ಹೆಣದ ಪಕ್ಕ ಕೂತುಕೊಂಡೇ, "ನಂಗೂ ಕಂಬದ್ ಮೇಲೆ ಹಿಂಗೇ ಜೀವ ಹೋಗ್ಬುಟ್ಟಂಗಾಗಿತ್ತು" ಅಂತ ಶುರು ಮಾಡಿದರು. ನಮ್ಮ ಅತ್ತೆ ಮನೆಗೆ ಬಂದವರೇ ತಲೆಗೆ ನೀರು ಹಾಕಿಕೊಂಡು ನನ್ನ ಮುಂದೆ ನಿಂತರು.

"ನಾನೂ ಆ ಕಂಬ ಹತ್ಬೇಕು ಕಣವ್ವ. ಇಲ್ದಿದ್ರೆ ನನ್ನ ತಿಥಿಲೂ ಅವ್ಳು ಅದ್ನೇ ಹೇಳ್ತಾಳೆ."

ಮಳೆ ನೋಡ್ಕೊಂಡು

ನಮ್ಮ ಯಜಮಾನರು ಯಾವುದಕ್ಕೂ ಆಗಲ್ಲ ಅನ್ನುವವರಲ್ಲ. ಡಿಸೆಂಬರಿನಲ್ಲಿ ಕೇಳಿದೆ, "ಹಣ್ಣು ಕುಯ್ದು ಮುಗೀಲಿ" ಅಂದರು. ಜನವರಿಯಲ್ಲಿ, "ಕಣದಲ್ಲಿ ಕಾಫಿ ಐತಲ್ಲ, ಒಣಗ್ಲಿ." ಫೆಬ್ರವರಿಯಲ್ಲಿ ಮೆಣಸು ಇಳಿಸಬೇಕಿತ್ತು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕಿತ್ತು. ಹೂಮಳೆ ಬಂತು, ತೋಟವೆಲ್ಲ ಬೆಳ್ಳಗಾಯಿತು. ಈಗಲಾದರೂ ಹೊರಡೋಣವಾ ಅಂದರೆ, "ಹೂವಾದ್ ಮೇಲೆ ಇನ್ನೊಂದು ಮಳೆ ಬೇಕಲ್ವಾ, ಇಲ್ದಿದ್ರೆ ಕಾಯಿ ನಿಲ್ಲಲ್ಲ." ಆ ಇನ್ನೊಂದು ಮಳೆಯೂ ಬಂತು. ಆಗ ಗೊಬ್ಬರದ ಮಾತು ತೆಗೆದರು.

ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದ ಅತ್ತೆ ಹಾಗೇ ಎದ್ದು ಬಂದರು.

"ನಿಮ್ಮಪ್ಪನೂ ಹಿಂಗೇ ಕಣೋ. ಮದ್ವೆ ಆದ ಹೊಸದ್ರಲ್ಲಿ ಧರ್ಮಸ್ಥಳಕ್ಕೆ ಕರ್ಕೊಂಡ್ ಹೋಯ್ತೀನಿ, ಮಳೆ ನೋಡ್ಕೊಂಡು ಹೋಗಣ ಅಂದ್ರು. ನೀನು ಹುಟ್ಟಿ, ಇಸ್ಕೂಲಿಗೆ ಸೇರಿ, ಎರಡನೇ ಕ್ಲಾಸು ಪಾಸಾದ್ ಮೇಲೆ ಹೋದ್ವಿ."

"ಹೋದ್ವಲ್ಲ ಅವ್ವ?"

"ಹೋದ್ವಿ. ಅವತ್ತೂ ಮಳೆ ಬಂತು."

ಮಾರನೇ ದಿನವೇ ಮೇ ತಿಂಗಳಿಗೆ ಬಾಡಿಗೆ ಗಾಡಿ ಗೊತ್ತಾಯಿತು.

ದಿನಕ್ಕೊಂದು ಮೊಟ್ಟೆ

ಫೋನಿನಲ್ಲಿ ಟಿಕೆಟ್ ಮಾಡಿದವಳು ಮಗಳು. ಒಂದು ರಾತ್ರಿಗೆ ರೂಮು, ಆಟಕ್ಕೆ ಮಾತ್ರ ಮೊದಲ ದಿನದ ಟಿಕೆಟ್. ಕಂಬದ ಆಟದ ನಿಯಮ ತೆಗೆದು ಮೊದಲ ಸಾಲು ಓದಿದವಳೇ ಅಜ್ಜಿಯ ಮುಖ ನೋಡಿದಳು. ನೂರಾ ನಲವತ್ತು ಸೆಂಟಿಮೀಟರಿಗಿಂತ ಗಿಡ್ಡ ಇರುವವರಿಗೆ ಪ್ರವೇಶವಿಲ್ಲ.

ಅತ್ತೆಯನ್ನು ಅಂಗನವಾಡಿಗೆ ಕರೆದುಕೊಂಡು ಹೋಗಿ, ಮಕ್ಕಳನ್ನು ಅಳೆಯುವ ಹಲಗೆಗೆ ಬೆನ್ನು ತಾಗಿಸಿ ನಿಲ್ಲಿಸಿದೆ. ನೂರಾ ಮೂವತ್ತೇಳು. ತಿಂಗಳು ತಿಂಗಳು ಊರ ಮಕ್ಕಳ ಎತ್ತರ ತೂಕ ನೋಡಿ ಹೇಳುವ ಬಾಯಿ ನನ್ನದು. ಅಭ್ಯಾಸಬಲದಿಂದ, "ಬೆಳವಣಿಗೆ ಸಾಲದು, ದಿನಕ್ಕೊಂದು ಮೊಟ್ಟೆ ಕೊಡಿ" ಅಂದುಬಿಟ್ಟೆ.

ಅತ್ತೆ ಅದನ್ನು ನಿಜವೆಂದೇ ಹಿಡಿದರು. ಬೆಳಿಗ್ಗೆ ಒಂದು ಮೊಟ್ಟೆ ತಿನ್ನುವುದು, ಆಮೇಲೆ ಮೆಣಸು ಕುಯ್ಯುವ ಏಣಿಗೆ ಎರಡೂ ಕೈಯಲ್ಲಿ ಜೋತುಬೀಳುವುದು. ಬೇಲಿಯಾಚೆಯಿಂದ ದೊಡ್ಡತ್ತೆ ನೋಡಿ, "ಅದೇನೇ ಅದು?" ಅಂದರೆ, "ಸೊಂಟ ಹಿಡ್ಕೊಂಡೈತೆ ಕಣಕ್ಕ" ಅನ್ನುವುದು. ಪಾರ್ಕಿನ ವಿಷಯ ದೊಡ್ಡತ್ತೆಯ ಕಿವಿಗೆ ಬೀಳಬಾರದೆಂದು ಮನೆಯಲ್ಲಿ ಆಜ್ಞೆಯಾಗಿತ್ತು.

ಹದಿನೈದು ದಿನ ಬಿಟ್ಟು ಮತ್ತೆ ಅಳೆದೆ. ಎತ್ತರ ಹಾಗೇ ಇತ್ತು, ತೂಕ ಎರಡು ಕೆ.ಜಿ. ಹೆಚ್ಚಾಗಿತ್ತು.

ಮಗಳ ವಿಜ್ಞಾನ

ಆಗ ಮಗಳು ಒಂದು ಸಂಗತಿ ಹೇಳಿದಳು. ಮನುಷ್ಯ ರಾತ್ರಿ ಮಲಗಿದ್ದಾಗ ಸ್ವಲ್ಪ ಉದ್ದವಾಗುತ್ತಾನಂತೆ, ಎದ್ದು ಓಡಾಡಿದ ಮೇಲೆ ಕುಗ್ಗುತ್ತಾನಂತೆ. ನಾಲ್ಕು ದಿನ ಬೆಳಿಗ್ಗೆ ಸಂಜೆ ಅಜ್ಜಿಯನ್ನು ಅಳೆದಳು. ಮಾತು ನಿಜ. ಹಾಸಿಗೆಯಿಂದ ಎದ್ದ ಕೂಡಲೇ ಅತ್ತೆ ಒಂದೂವರೆ ಸೆಂಟಿಮೀಟರು ಹೆಚ್ಚಿದ್ದರು. ಸಕಲೇಶಪುರದಲ್ಲಿ ಕೊಂಡ ದಪ್ಪ ಅಟ್ಟೆಯ ಚಪ್ಪಲಿ ಇನ್ನೊಂದೂವರೆ ಕೊಡುತ್ತಿತ್ತು. ಲೆಕ್ಕ ಸರಿಹೋಯಿತು.

ಆದರೆ ಅಜ್ಜಿ ಮನೆಯಿಂದ ಪಾರ್ಕಿನವರೆಗೂ ಮಲಗಿಯೇ ಬರಬೇಕು. ಹಿಂದಿನ ಸೀಟು ಪೂರ್ತಿ ಬಿಚ್ಚಿಸಿ ಹಾಸಿಗೆ ಹಾಕಿಸಿದೆವು. ಡ್ರೈವರ್ ನಮ್ಮೂರಿನವರೇ. "ಮದುವೆ ಗಾಡಿ ಓಡ್ಸಿದೀನಿ, ಬಾಣಂತಿ ಗಾಡಿ ಓಡ್ಸಿದೀನಿ. ಎತ್ತರ ಕಾಯೋ ಗಾಡಿ ಇದೇ ಮೊದ್ಲು ಮಾರಾಯ" ಅಂದರು.

ದೂರಾನಾ?

ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೆ ಯಜಮಾನರೂ ಡ್ರೈವರೂ ಅತ್ತೆಯನ್ನು ಚಾಪೆ ಸಮೇತ ಎತ್ತಿ ಗಾಡಿಗೆ ತರುತ್ತಿದ್ದರು. ಅಷ್ಟರಲ್ಲಿ ದೊಡ್ಡತ್ತೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರು. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ವಾರಗಿತ್ತಿಯನ್ನು ಕಂಡದ್ದೇ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳುವಂತಿಲ್ಲ, ಹೋದ ಕೆಲಸ ಕೆಡುತ್ತದೆ. ದೊಡ್ಡತ್ತೆ ಅಂಥ ಹೊತ್ತಿನಲ್ಲೂ ಪದ್ಧತಿ ಬಿಡಲಿಲ್ಲ.

"ದೂರಾನಾ?" ಅಂದರು.

"ದೂರಾನೇ ದೊಡ್ಡತ್ತೆ" ಅಂದೆ. ಸುಳ್ಳೇನೂ ಹೇಳಲಿಲ್ಲ.

ಅವರು ಅತ್ತೆಯ ಎರಡೂ ಪಾದ ಹಿಡಿದುಕೊಂಡು ಅಳತೊಡಗಿದರು. "ಸೊಂಟ ಅಂದಾಗ್ಲೇ ನಂಗೆ ಅನ್ಮಾನ ಇತ್ತು. ನಿಂಗೇನಾದ್ರೂ ಆಗ್ಬುಟ್ರೆ ನಾನು ಯಾರ್ ಜೊತೆ ಜಗಳ ಆಡ್ಲೇ?" ನಮ್ಮ ಹಸುಗಳ ಚಿಂತೆ ಬೇಡ, ಹಾಲು ತಾವೇ ಕರೆಯುವುದಾಗಿ ಹೇಳಿದರು. ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದ ಹಾಗಾಯಿತು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಚಿವುಟಿದರು.

ಗಾಡಿ ತಿರುವು ದಾಟಿದ ಮೇಲೆ ಹಿಂದಿನಿಂದ ಅತ್ತೆಯ ದನಿ ಬಂತು. "ನೋಡಿದ್ಯಾ, ನಂಗೋಸ್ಕರ ಅತ್ತುಬುಟ್ಳು." ಹಾಸನ ಹತ್ತಿರ ಬಂದಾಗ, "ಅಕ್ಕ ಹಾಲು ಸರಿಯಾಗಿ ಕರೀತಾಳೋ ಇಲ್ವೋ" ಅಂದರು.

ಆನೆಗೊಂದು ಬೈಗುಳ

ಇನ್ನೂ ನಮ್ಮ ರಸ್ತೆಯಲ್ಲೇ ಇದ್ದಾಗ ನಡೆದದ್ದನ್ನು ಹೇಳುವುದು ಮರೆತೆ. ಒಂದು ಒಂಟಿ ಆನೆ ದಾರಿಗೆ ಅಡ್ಡ ನಿಂತಿತ್ತು. ಡ್ರೈವರ್ ಗಾಡಿ ಹಿಂದಕ್ಕೆ ತಂದು ಆಫ್ ಮಾಡಿದರು.

"ಯಾಕೆ ನಿಂತ್ಬುಟ್ರಿ?" ಅತ್ತೆ ಮಲಗಿದಲ್ಲಿಂದಲೇ ಕೇಳಿದರು.

"ಆನೆ" ಅಂದೆ ಮೆಲ್ಲಗೆ.

"ಒಂದೇ ಕೊಂಬಿಂದಾ?"

"ಹೌದು."

ಅದು ನಮ್ಮ ಬಾಳೆ ತಿಂದ ಆನೆ. ಅತ್ತೆ ಏಳಲು ಹೋದರು, ಎತ್ತರ ನೆನಪಾಗಿ ಮತ್ತೆ ಮಲಗಿದರು. "ನಾನು ಏಳಂಗಿಲ್ಲ. ನನ್ನ ಪರವಾಗಿ ನೀನೇ ನಾಕು ಬಯ್ದುಬುಡು ಕಣವ್ವ."

ಪೇಷೆಂಟ್

ಟೋಲ್‌ಗೇಟಿನಲ್ಲಿದ್ದವರು ಗಾಡಿಯೊಳಗೆ ಬಗ್ಗಿ ನೋಡಿ, "ಪೇಷೆಂಟಾ ಸಾರ್?" ಅಂತ ಕೇಳಿದರು. ಯಜಮಾನರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆ ಪುಣ್ಯಾತ್ಮರು ನಮ್ಮನ್ನು ಖಾಲಿ ಸಾಲಿಗೆ ತಿರುಗಿಸಲು ಓಡಾಡತೊಡಗಿದರು. ಅತ್ತೆಗೆ ಆ ಸುಳ್ಳು ಸಹಿಸಲಾಗಲಿಲ್ಲ.

"ಪೇಷೆಂಟಲ್ಲ ಕಣಪ್ಪ. ಆಟ ಆಡಕ್ಕೆ ಹೋಯ್ತಾ ಇದೀನಿ" ಅಂದರು, ಮಲಗಿಕೊಂಡೇ.

ಟೋಲ್‌ನವರ ಕಣ್ಣಲ್ಲಿ ನೀರು ಬಂತು. ಯಜಮಾನರ ಭುಜ ತಟ್ಟಿ, "ಮಾತೂ ತಪ್ತಾ ಇದೆ. ಬೇಗ ಕರ್ಕೊಂಡ್ ಹೋಗಿ ಸಾರ್" ಅಂದರು.

ಕಂಬದ ಬುಡ

ಪಾರ್ಕಿನೊಳಗೆ ಸಿಕ್ಕಿದ ಪ್ರತಿ ಬೆಂಚಿನ ಮೇಲೂ ಅತ್ತೆಯನ್ನು ಐದು ನಿಮಿಷ ಮಲಗಿಸುತ್ತಾ ಕಂಬದ ಬುಡಕ್ಕೆ ತಲುಪಿದೆವು. ಬಾಗಿಲಲ್ಲಿ ಟೋಪಿ ಹಾಕಿದವರೊಬ್ಬರು ಅಳತೆಯ ಕೋಲಿನ ಪಕ್ಕ ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಹೋದವರು, ದೇವಸ್ಥಾನದ ಬಾಗಿಲೆಂಬಂತೆ ಚಪ್ಪಲಿ ಬಿಟ್ಟು ಕೋಲಿನ ಕೆಳಗೆ ನಿಂತುಬಿಟ್ಟರು.

"ಅವ್ವ, ಚಪ್ಪಲಿ" ಅಂತ ಯಜಮಾನರು ಅವನ್ನು ಕೈಯಲ್ಲಿ ಹಿಡಿದು ಓಡಿದರು.

ಮತ್ತೆ ಅಳತೆಯಾಯಿತು. ಗೆರೆಗೆ ನೆತ್ತಿ ತಾಗಿತು. "ಎತ್ತರ ಸರಿಯಾಗಿದೆ" ಅಂದರು ಟೋಪಿಯವರು. ಮಗಳು ಕುಣಿದಳು. ನನಗಂತೂ ಊರ ಮಕ್ಕಳೆಲ್ಲ ಒಂದೇ ದಿನ ದಷ್ಟಪುಷ್ಟವಾದಷ್ಟು ಸಂತೋಷವಾಯಿತು.

"ಆಧಾರ್ ಕಾರ್ಡ್ ಕೊಡಿ ಅಮ್ಮ."

ಅತ್ತೆ ಕೊಟ್ಟರು. ಕೊಟ್ಟು ಸುಮ್ಮನಿರಲಿಲ್ಲ. "ಅರವತ್ನಾಲ್ಕು ಕಣಪ್ಪ. ಮಂಡಿ ನೋವು ಅಂತ ಇವತ್ತಿಗೂ ಒಂದ್ ಮಾತ್ರೆ ನುಂಗಿಲ್ಲ."

ಟೋಪಿಯವರು ಬೋರ್ಡಿನ ಎರಡನೇ ಸಾಲು ತೋರಿಸಿದರು. ಅರವತ್ತು ದಾಟಿದವರಿಗೆ ಈ ಆಟ ಇಲ್ಲ. ಮಗಳು ಮೊದಲ ಸಾಲು ಓದಿದ ಗಾಬರಿಯಲ್ಲಿ ಎರಡನೆಯದನ್ನು ನೋಡಿಯೇ ಇರಲಿಲ್ಲ.

ಅತ್ತೆಯ ಮುಖ ಕಂಡು ನನಗೆ ಎಲ್ಲ ನೆನಪಾಯಿತು. ಆ ಮೊಟ್ಟೆ, ಆ ಏಣಿ, ಅಷ್ಟು ದೂರ ಅಲುಗಾಡದೆ ಮಲಗಿ ಬಂದದ್ದು. ಟೋಪಿಯವರ ಹತ್ತಿರ ಬೇಡಿಕೊಂಡೆ, ಜಗಳವೂ ಆಡಿದೆ. ಅವರು ಸಮಾಧಾನದಿಂದಲೇ ಆಗುವುದಿಲ್ಲ ಅಂದರು. ಅತ್ತೆ ತಲೆ ತಗ್ಗಿಸಿಕೊಂಡು ನಾಲ್ಕು ಹೆಜ್ಜೆ ಬಂದವರು, ಅಲ್ಲೇ ನಿಂತು ಏನೋ ಯೋಚನೆ ಮಾಡಿ ವಾಪಸು ಹೋದರು.

"ಈ ರೂಲ್ಸು ಯಾವಾಗಿಂದ ಐತೆ ಕಣಪ್ಪ?"

"ಕಂಬ ನಿಲ್ಲಿಸಿದ ದಿನದಿಂದ ಇದೆ ಅಮ್ಮ."

"ಹೋದ್ ವರ್ಷ ಯಾರೋ ಅರವತ್ತೇಳು ವರ್ಷದೋರು ಹತ್ತಿದ್ರಂತಲ್ಲ?"

"ಸಾಧ್ಯವೇ ಇಲ್ಲ. ಕಾರ್ಡು ನೋಡ್ದೆ ಒಬ್ಬರನ್ನೂ ಬಿಟ್ಟಿಲ್ಲ."

ಅತ್ತೆ ಬೆಂಚಿನ ಮೇಲೆ ಕೂತರು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಸೆರಗೂ ಸಾಲದೆ, ತುರುಬು ಬಿಚ್ಚಿಹೋಗುವಷ್ಟು ನಕ್ಕರು. ಆ ದಿನವೆಲ್ಲ ನೀರಿನಲ್ಲಿ ಆಡಿದರು, ಎರಡು ಐಸ್‌ಕ್ರೀಮ್ ತಿಂದರು. ಮಾರನೇ ದಿನ ಊರಿಗೆ ಬರುವಾಗ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಬಂದರು.

ವಾಪಸು ಬಂದ ಮೇಲೆ

ದಾರಿಯುದ್ದಕ್ಕೂ ನನಗೆ ಒಂದೇ ಭಯ. ಇವರು ಊರ ಮುಂದೆ ದೊಡ್ಡತ್ತೆಯ ಮಾನ ತೆಗೆದುಬಿಟ್ಟರೆ? ಪಾಪ, ಆ ಜೀವ ಚಾಪೆಯ ಪಕ್ಕ ನಿಂತು ಅತ್ತಿತ್ತು. "ಅವರಿಗೆ ಏನಂತೀರಿ ಅತ್ತೆ?" ಅಂದರೆ, "ನೋಡ್ತಿರು" ಅಂದರು.

ಗಾಡಿ ನಿಲ್ಲುವ ಮೊದಲೇ ದೊಡ್ಡತ್ತೆ ಓಡಿಬಂದರು. "ಡಾಕ್ಟ್ರು ಏನಂದ್ರೇ?"

"ಯಾವ್ ಡಾಕ್ಟ್ರು ಅಕ್ಕ? ನೀನು ಹೇಳ್ತಿದ್ಯಲ್ಲ, ಆ ಕಂಬಕ್ಕೆ ಹೋಗಿದ್ದೆ."

ದೊಡ್ಡತ್ತೆಯ ಮುಖದ ಬಣ್ಣ ಇಳಿಯಿತು. "ಹತ್ತಿದ್ಯಾ?" ಅಂದರು.

"ಹತ್ದೆ" ಅಂದರು ಅತ್ತೆ. "ನೀನು ಹೆಂಗ್ ಹತ್ದ್ಯೋ, ನಾನೂ ಹಂಗೇ ಹತ್ದೆ ಕಣಕ್ಕ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಕೊನೆಗೆ ದೊಡ್ಡತ್ತೆ, "ಬಾ, ಕಾಫಿಗಿಟ್ಟಿದೀನಿ" ಅಂತ ಅತ್ತೆಯ ಕೈ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು.

ಈಗ ಸಂಘದ ಮೀಟಿಂಗಿನಲ್ಲಿ ಕಂಬದ ಕಥೆಯನ್ನು ಇಬ್ಬರೂ ಅಕ್ಕಪಕ್ಕ ಕೂತು ಹೇಳುತ್ತಾರೆ. ಹೋದ ವಾರ ಯಾರೋ, ಅಷ್ಟು ಎತ್ತರದಿಂದ ಏನೇನು ಕಾಣುತ್ತದೆ ಅಂತ ಕೇಳಿದರು.

"ಇಲ್ಲಿ ನಮ್ಮ ಕಾಡೊಳಗಿನ ಎಡಕುಮೇರಿ ಟೇಷನ್ನೂ ಕಾಣ್ತದೆ" ಅಂದರು ದೊಡ್ಡತ್ತೆ.

"ಹೂಂ ಕಣ್ರೀ" ಅಂದರು ನಮ್ಮ ಅತ್ತೆ. "ನಾನು ಹತ್ದಾಗ ರೈಲು ನಿಂತಿತ್ತು."